ಚಪ್ಪಡಿ ಮುಚ್ಚಿದ್ದ ಬಾವಿಗೆ ತಾರಸಿಯ ಮಳೆ: ಒಂದು ರಿಪೇರಿ ಕೆಲಸದ ಟಿಪ್ಪಣಿ

ಕೆಲಸ ಇಷ್ಟು: ಹಿತ್ತಲಲ್ಲಿ ಕಲ್ಲುಚಪ್ಪಡಿ ಹೊದ್ದು ದಶಕಗಳಿಂದ ಬಿದ್ದಿದ್ದ ಬಾವಿಯ ಬಾಯಿ ತೆಗೆಸುವುದು, ಹೂಳೆತ್ತಿಸುವುದು, ತಾರಸಿಯ ಮಳೆನೀರನ್ನು ಸೋಸಿ ಅದಕ್ಕೆ ಇಳಿಸುವುದು. ಕೊನೆಗೆ ಕುಡಿಯಲು, ಅಡುಗೆಗೆ ಬಿಟ್ಟು ಮಿಕ್ಕೆಲ್ಲಕ್ಕೂ ಬಾವಿಯ ನೀರನ್ನೇ ಬಳಸುವ ಹಾಗೆ ಮನೆಯ ಪೈಪುಗಳನ್ನು ಬದಲಿಸುವುದು. ಜಾಗ ದಕ್ಷಿಣ ಬೆಂಗಳೂರಿನ ಹಳೇ ಬಡಾವಣೆ. ತಾರಸಿ 1,200 ಚದರಡಿ, ಅಂದರೆ 111 ಚದರ ಮೀಟರ್. ಬಾವಿಯ ವ್ಯಾಸ 4 ಅಡಿ, ಒಳಗೆ ಸುತ್ತ ಕಲ್ಲಿನ ಕಟ್ಟಡ, ಗಾರೆ ಇಲ್ಲ. ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟಾಗ 26 ಅಡಿಗೆ ತಳ ಸಿಕ್ಕಿತು. ಅದು ನಿಜವಾದ ತಳವಲ್ಲ, ಹೂಳು.

ಶುರುಮಾಡಿದ್ದು 2024ರ ಮಾರ್ಚ್‌ನಲ್ಲಿ. ಆ ತಿಂಗಳು ಬೆಂಗಳೂರಲ್ಲಿದ್ದವರಿಗೆ ವಿವರಿಸಬೇಕಾಗಿಲ್ಲ. ಹಿಂದಿನ ವರ್ಷ ಮುಂಗಾರು ಕೈಕೊಟ್ಟು ಕೆ.ಆರ್.ಎಸ್. ತುಂಬಿರಲಿಲ್ಲ. ನಗರದ ಸುಮಾರು 13,900 ಸರ್ಕಾರಿ ಬೋರ್‌ವೆಲ್‌ಗಳಲ್ಲಿ 6,900 ಬತ್ತಿವೆ ಎಂದು ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಹೇಳಿದ್ದರು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು. ಟ್ಯಾಂಕರ್ ದರ ಕೈಮೀರಿದಾಗ ಜಿಲ್ಲಾಡಳಿತವೇ ಮಿತಿ ಕಟ್ಟಿತು: 5 ಕಿ.ಮೀ. ಒಳಗಾದರೆ 6,000 ಲೀಟರ್‌ಗೆ 600 ರೂಪಾಯಿ, 12,000 ಲೀಟರ್‌ಗೆ 1,000. ದರವೇನೋ ಗೊತ್ತಾಯಿತು, ಟ್ಯಾಂಕರ್ ಮಾತ್ರ ಸಿಗಲಿಲ್ಲ. ನಮ್ಮ ಬೀದಿಯಲ್ಲಿ ಎದುರಿನ ಅಪಾರ್ಟ್‌ಮೆಂಟಿನ ಬೋರ್‌ವೆಲ್ ಸಾವಿರ ಅಡಿ ದಾಟಿ ಇಳಿದಿದ್ದರೂ ಗಂಟೆ ಹೊತ್ತು ಓಡಿಸಿದರೆ ಗಾಳಿ ಉಗುಳುತ್ತಿತ್ತು. ಇನ್ನೊಂದು ಕೊರೆಸೋಣ ಎಂದು ಅವರು, ಕೊರೆಸಿದರೆ ನಮ್ಮದು ಬತ್ತುತ್ತದೆ ಎಂದು ಪಕ್ಕದವರು. ಎರಡೂ ಮನೆಯವರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ನೀರಿನ ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಈ ಕೆಲಸಕ್ಕೆ ದುಡ್ಡು ಹಾಕಬೇಕೋ ಬೇಡವೋ ಎಂದು ತೀರ್ಮಾನವಾದದ್ದು ಕಾಗದದ ಮೇಲೆಯೇ.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ ಸುಮಾರು 970 ಮಿ.ಮೀ. ಒಣಗುವುದು, ಚೆಲ್ಲುವುದು, ಮೊದಲ ಕೊಳೆನೀರು ಎಂದು ನೂರಕ್ಕೆ 15 ಬಿಟ್ಟರೂ ನಮ್ಮ ತಾರಸಿಯಿಂದ ವರ್ಷಕ್ಕೆ 90,000 ಲೀಟರ್ ಆಸುಪಾಸು. ದಿನಕ್ಕೆ ಹಂಚಿದರೆ 250 ಲೀಟರ್. ನಗರದಲ್ಲಿ ತಲೆಗೆ 135 ಲೀಟರ್ ಎಂದು ಹಿಡಿಯುವ ಲೆಕ್ಕದಲ್ಲಿ ಇದು ಹತ್ತಿರ ಹತ್ತಿರ ಇಬ್ಬರ ಪಾಲು. ಇಷ್ಟು ನೀರು ಈವರೆಗೆ ಗೇಟಿನ ಪಕ್ಕದ ಚರಂಡಿಗೆ ಹೋಗುತ್ತಿತ್ತು.

ಇನ್ನು ನಲ್ಲಿಯ ನೀರು. 1896ರಲ್ಲಿ ಈ ಊರಿಗೆ ಹೆಸರಘಟ್ಟದಿಂದ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿಯಿಂದ. ಎರಡೂ ಅರ್ಕಾವತಿಯ ನೀರು. 1974ರಿಂದ ಕಾವೇರಿ. ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಪಂಪ್ ಮಾಡಿ, ಸುಮಾರು 100 ಕಿ.ಮೀ. ದೂರದಿಂದ 500 ಮೀಟರಿನಷ್ಟು ಎತ್ತರಕ್ಕೆ ತರುತ್ತಾರೆ. ಸಾವಿರ ಲೀಟರ್ ನೀರನ್ನು 500 ಮೀಟರ್ ಎತ್ತಲು ಒಂದು ಹನಿಯೂ ಸೋರದೆ, ಮೋಟಾರು ಒಂದಿಷ್ಟೂ ಬಿಸಿಯಾಗದೆ ಇದ್ದರೂ 1.36 ಯೂನಿಟ್ ಕರೆಂಟ್ ಬೇಕೇಬೇಕು. ನಿಜವಾದ ಪಂಪುಗಳ ನಷ್ಟ ಸೇರಿದರೆ ಎರಡು ಯೂನಿಟ್ ಹತ್ತಿರ. ನಮ್ಮ ಬಾವಿಯ ತಳದಿಂದ ತಾರಸಿಯ ಟ್ಯಾಂಕಿಗೆ 20 ಮೀಟರ್ ಎತ್ತರ. ಅರ್ಧ ಎಚ್.ಪಿ. ಪಂಪು ಎಷ್ಟೇ ಸಾಧಾರಣವಾದರೂ ಸಾವಿರ ಲೀಟರ್‌ಗೆ ಕಾಲು ಯೂನಿಟ್ ದಾಟುವುದಿಲ್ಲ. ಕಕ್ಕಸಿಗೆ ಸುರಿಯುವ ನೀರನ್ನು 100 ಕಿ.ಮೀ. ದೂರದಿಂದ ಬೆಟ್ಟ ಹತ್ತಿಸಿ ತರುತ್ತಿದ್ದೇವೆ ಎನ್ನುವುದು ನನ್ನನ್ನು ಬಹಳ ಕಾಡಿತು.

ಆ ನೀರಿಗೆ ಬೇರೆಯವರೂ ಕಾದಿರುತ್ತಾರೆ. ನನ್ನ ಚಿಕ್ಕಮ್ಮನ ಊರು ಮದ್ದೂರಿನ ಕಡೆ, ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟು. 2023ರಲ್ಲಿ ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಹರಿಸಿದಾಗ ಅವರ ಕಬ್ಬು ಅರ್ಧ ಒಣಗಿತು. ತಮಿಳುನಾಡಿಗೆ ನೀರು ಬಿಡುವುದರ ವಿರುದ್ಧ ಆ ಸೆಪ್ಟೆಂಬರ್ 26ರಂದು ಬೆಂಗಳೂರು ಬಂದ್ ಆಯಿತು, 29ರಂದು ಕರ್ನಾಟಕ ಬಂದ್. ಅಲ್ಲಿ ತಮಿಳುನಾಡಿನ ಕಾವೇರಿ ಡೆಲ್ಟಾದ ರೈತನೂ ನೀರಿಗೇ ಬಾಯಿ ಬಿಡುತ್ತಿದ್ದ. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ ಹೆಚ್ಚುವರಿಯಾಗಿ ಕೊಟ್ಟ 14.75 ಟಿ.ಎಂ.ಸಿ.ಯಲ್ಲಿ 4.75 ಬೆಂಗಳೂರಿಗೆಂದೇ ಇತ್ತು. ನಾವು ಬೀದಿಗಿಳಿದು ಕೂಗಿದ್ದು ಸರಿಯೇ ಇರಬಹುದು. ಆದರೆ ಕೂಗಿ ಮನೆಗೆ ಬಂದು ನಮ್ಮ ತಲೆಯ ಮೇಲೆ ಬಿದ್ದ ನೀರನ್ನು ಚರಂಡಿಗೆ ಬಿಡುವ ಹಕ್ಕು ನಮಗಿಲ್ಲ ಎಂದೇ ನನ್ನ ನಂಬಿಕೆ.

ಬಾಯಿ ತೆಗೆದದ್ದು

ಬಾವಿ ತೋಡುವುದನ್ನೇ ತಲೆತಲಾಂತರದಿಂದ ಕಸುಬಾಗಿಸಿಕೊಂಡ ಭೋವಿ ಸಮುದಾಯದ ಮೇಸ್ತ್ರಿಯೊಬ್ಬರು ತಮ್ಮ ಹುಡುಗರೊಂದಿಗೆ ಬಂದರು. ಹಾರೆ ಹಾಕಿ ಚಪ್ಪಡಿ ಸರಿಸಿದ ಮೇಲೆ ಯಾರನ್ನೂ ಇಳಿಯಲು ಬಿಡಲಿಲ್ಲ. ಒಂದು ದಿನ ಹಾಗೇ ತೆರೆದಿಟ್ಟರು. ಮಾರನೇ ದಿನ ಹೊಂಗೆ ಸೊಪ್ಪಿನ ದೊಡ್ಡ ಕಟ್ಟೊಂದನ್ನು ಹಗ್ಗಕ್ಕೆ ಬಿಗಿದು ತಳದವರೆಗೆ ಇಳಿಸಿ ಎತ್ತಿ, ಇಳಿಸಿ ಎತ್ತಿ, ಒಳಗಿನ ಗಾಳಿಯನ್ನು ಕಡೆದರು. ಬಾಡಿಗೆಗೆ ತಂದ ಬ್ಲೋವರಿನ ಕೊಳವೆಯನ್ನೂ ತಳಕ್ಕೆ ಬಿಟ್ಟೆವು.

ಇದನ್ನು ಓದಿ ಯಾರಾದರೂ ಹಳೇ ಬಾವಿಗೆ ಕೈಹಾಕುವುದಾದರೆ ಈ ಭಾಗವನ್ನು ಎರಡು ಸಲ ಓದಿ. ಮುಚ್ಚಿದ ಬಾವಿಯಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ, ಇಂಗಾಲದ ಡೈಆಕ್ಸೈಡ್ ತಳದಲ್ಲಿ ಕೂತಿರುತ್ತದೆ. ಹತ್ತಿರ ಒಳಚರಂಡಿ ಸೋರುತ್ತಿದ್ದರೆ ಹೈಡ್ರೋಜನ್ ಸಲ್ಫೈಡ್, ಮೀಥೇನ್ ಕೂಡ ಇರಬಹುದು. ದೀಪ ಇಳಿಸಿ ನೋಡುವುದು ಹಳೇ ರೂಢಿ. ದೀಪ ಉರಿದರೆ ಆಮ್ಲಜನಕ ಇದೆ ಎಂದಷ್ಟೇ ಅರ್ಥ, ವಿಷಾನಿಲ ಇಲ್ಲ ಎಂದಲ್ಲ. ಮೀಥೇನ್ ಇದ್ದರೆ ದೀಪವೇ ಅಪಾಯ. ಹಾಗಾಗಿ ಗ್ಯಾಸ್ ಮೀಟರ್ ಬಾಡಿಗೆಗೆ ತರಿಸಿ ಪ್ರತಿ ಸಲ ಇಳಿಯುವ ಮುಂಚೆ ಅಳೆದೆವು. ಇಳಿಯುವವರ ಎದೆ-ತೊಡೆಗೆ ಬೆಲ್ಟು, ಮೇಲೆ ಹಗ್ಗ ಹಿಡಿದು ಇಬ್ಬರು. ಪೆಟ್ರೋಲ್ ಅಥವಾ ಡೀಸೆಲ್ ಪಂಪನ್ನು ಯಾವ ಕಾರಣಕ್ಕೂ ಬಾವಿಯೊಳಗೆ ಇಳಿಸಕೂಡದು. ಅದರ ಹೊಗೆಗೆ ಜೀವ ಹೋಗುತ್ತದೆ. ಇಳಿದವರು ಕೂಗಿಗೆ ಓಗೊಡದಿದ್ದರೆ ಇನ್ನೊಬ್ಬರು ಹಿಂದೆಯೇ ಧುಮುಕಬಾರದು, ಹಗ್ಗ ಎಳೆಯಬೇಕು.

ರಾಟೆ ಕಟ್ಟಿ ಹೂಳು ಎತ್ತಲು ಶುರುವಾಯಿತು. ಮೇಲೆ ಇಟ್ಟಿಗೆ ಚೂರು, ಪ್ಲಾಸ್ಟಿಕ್, ಚಪ್ಪಲಿ, ಯಾರದೋ ಮನೆ ಒಡೆದ ಗಾರೆ. ಅದರ ಕೆಳಗೆ ಕಪ್ಪು ಕೆಸರು. ಕೆಸರಿನ ನಡುವೆ ಒಂದು ಪಾತಾಳಗರಡಿ ಸಿಕ್ಕಿತು. ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆಗಳ ಗೊಂಚಲು, ತುಕ್ಕು ಹಿಡಿದು ಎರಡು ಕೊಕ್ಕೆ ಮುರಿದಿದ್ದವು. ಹಿಂದೆ ಇಡೀ ಬೀದಿಗೆ ಒಂದೇ ಇರುತ್ತಿತ್ತು, ಬೇಕಾದವರು ಇಸಕೊಂಡು ಹೋಗುತ್ತಿದ್ದರು ಎಂದು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಹೇಳಿದರು. ಕೆಸರು ಮುಗಿದ ಮೇಲೆ ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಹಳದಿ-ಬಿಳಿ ಕಲ್ಲುಮಣ್ಣು ಕಂಡಿತು. 33 ಅಡಿಗೆ ನಿಲ್ಲಿಸಿದೆವು.

"ಅಕ್ಕಾ, ಕಟ್ಟಡ ಗಟ್ಟಿ ಐತೆ, ಒಂದ್ ಕಲ್ಲೂ ಅಲ್ಲಾಡ್ತಿಲ್ಲ. ಅಡೀಲಿ ಊಟೆ ಐತೆ, ಹೂಳು ಕುಂತು ಮುಚ್ಕೊಂಡಿತ್ತು ಅಷ್ಟೇ" ಎಂದರು ಮೇಸ್ತ್ರಿ. ಆ ಬಿರುಬೇಸಿಗೆಯಲ್ಲಿ, ಎದುರಿನ ಸಾವಿರ ಅಡಿ ಬೋರ್‌ವೆಲ್ ಗಾಳಿ ಉಗುಳುತ್ತಿದ್ದಾಗ, ನಮ್ಮ 33 ಅಡಿ ಬಾವಿಯಲ್ಲಿ ಬೆಳಗಾಗುವಷ್ಟರಲ್ಲಿ ಎರಡೂವರೆ ಅಡಿ ನೀರು ನಿಂತಿತ್ತು. 4 ಅಡಿ ವ್ಯಾಸದ ಬಾವಿಯಲ್ಲಿ ಒಂದು ಅಡಿ ಎಂದರೆ ಸುಮಾರು 355 ಲೀಟರ್. ಅಂದರೆ 900 ಲೀಟರ್ ಹತ್ತಿರ.

ಇದರಲ್ಲಿ ಆಶ್ಚರ್ಯವಿಲ್ಲ. ಬೆಂಗಳೂರಿನ ಅಡಿ ಇರುವುದು ನೈಸ್ ಎಂಬ ಗಟ್ಟಿ ಕಲ್ಲು, ಗ್ರಾನೈಟ್ ಬಂಡೆ. ಬಂಡೆಯ ಮೇಲ್ಭಾಗ ಶಿಥಿಲವಾಗಿ ಸಡಿಲ ಮಣ್ಣಾಗಿರುತ್ತದೆ, ನೀರು ಹಿಡಿಯುವ ಜಾಗ ಅದು. ಕೆಳಗಿನ ಗಟ್ಟಿ ಬಂಡೆಯಲ್ಲಿ ನೀರಿರುವುದು ಬಿರುಕುಗಳಲ್ಲಿ ಮಾತ್ರ. ಬೋರ್‌ವೆಲ್ಲಿನ ಕೇಸಿಂಗ್ ಪೈಪು ಈ ಮೇಲಿನ ಪದರವನ್ನು ಮುಚ್ಚಿ, ಬಿರುಕಿನ ನೀರನ್ನಷ್ಟೇ ಹುಡುಕುತ್ತ ಇಳಿಯುತ್ತದೆ. ಆ ಬಿರುಕು ಮತ್ತೆ ತುಂಬಲು ಬಹಳ ಕಾಲ ಬೇಕು.

ಗೋಡೆಯ ಒದ್ದೆ ಗೆರೆ

ನೀರು ಸಿಕ್ಕಿದ ಖುಷಿ ನಿಂತದ್ದು ಪರೀಕ್ಷೆಯ ಬಾಟಲಿಯಲ್ಲಿ. ಎಚ್2ಎಸ್ ಪರೀಕ್ಷೆಯ ಪುಟ್ಟ ಬಾಟಲಿಗೆ ಬಾವಿಯ ನೀರು ತುಂಬಿ ಇಟ್ಟರೆ, ಮಲದ ಮಾಲಿನ್ಯ ಇದ್ದಾಗ ಕಪ್ಪಾಗುತ್ತದೆ. ನಮ್ಮದು ಒಂದೇ ದಿನದಲ್ಲಿ ಇದ್ದಿಲಿನ ಹಾಗೆ ಕಪ್ಪಾಯಿತು.

ಟಾರ್ಚ್ ಬಿಟ್ಟು ನೋಡಿದರೆ ಪಶ್ಚಿಮದ ಗೋಡೆಯಲ್ಲಿ, ಮೇಲಿಂದ 9 ಅಡಿಗೆ, ಎರಡು ಕಲ್ಲಿನ ಸಂದಿಯಿಂದ ಒಂದು ಒದ್ದೆ ಗೆರೆ ಇಳಿದಿತ್ತು. ಉಳಿದ ಗೋಡೆಯೆಲ್ಲ ಒಣಗಿತ್ತು. ಆ ದಿಕ್ಕಿಗೆ ಇರುವುದು ಬಚ್ಚಲಿನಿಂದ ಒಳಚರಂಡಿಗೆ ಹೋಗುವ ನಮ್ಮದೇ ಪೈಪು, ಹಳೇ ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನ) ಪೈಪು. ಹೋಳಿ ಆಗಷ್ಟೇ ಮುಗಿದಿತ್ತು. ಉಳಿದಿದ್ದ ಹಸಿರು ಬಣ್ಣವನ್ನು ಬಕೆಟ್ ನೀರಿನಲ್ಲಿ ಕಲಸಿ ಬಚ್ಚಲ ಚೇಂಬರಿಗೆ ಸುರಿದೆವು. ಮಾರನೇ ಸಂಜೆ ಆ ಒದ್ದೆ ಗೆರೆಗೆ ತೆಳು ಹಸಿರು ಬಂದಿತ್ತು. ನೆಲ ಅಗೆದಾಗ ಪೈಪಿನ ಜಾಯಿಂಟೊಳಗೆ ತೆಂಗಿನ ಬೇರು ನುಗ್ಗಿ ಬಾಯಿ ಬಿಡಿಸಿದ್ದು ಕಂಡಿತು. ಅಷ್ಟುದ್ದಕ್ಕೂ 110 ಮಿ.ಮೀ. ಪಿ.ವಿ.ಸಿ. ಪೈಪು ಹಾಕಿ, ಚೇಂಬರ್ ಹೊಸದಾಗಿ ಕಟ್ಟಿಸಿ, ಒಳಗೆ ನುಣುಪಾಗಿ ಸಿಮೆಂಟ್ ಬಳಿಸಿದೆವು.

ಬಾವಿಯ ಗೋಡೆಗೂ ಪೂರ್ತಿ ಸಿಮೆಂಟ್ ಬಳಿಯಿರಿ ಎಂದು ಸಲಹೆ ಕೊಟ್ಟವರಿದ್ದರು. ಅದು ಕೂಡದು. ಗಾರೆ ಇಲ್ಲದ ಕಲ್ಲಿನ ಸಂದಿಗಳೇ ಬಾವಿಯ ಉಸಿರು. ಅವನ್ನು ಮುಚ್ಚಿದರೆ ಬಾವಿ ಹೋಗಿ ತೊಟ್ಟಿ ಉಳಿಯುತ್ತದೆ. ಮೇಲಿನ 5 ಅಡಿಗೆ ಮಾತ್ರ ಸಿಮೆಂಟ್ ಹಾಕಿಸಿದೆ, ಅಂಗಳದ ಕೊಳೆನೀರು ಒಳಗೆ ಜಿನುಗದಿರಲೆಂದು. ನೆಲದಿಂದ ಎರಡೂವರೆ ಅಡಿ ಕಟ್ಟೆ, ಮೇಲೆ ಕಬ್ಬಿಣದ ಜಾಲರಿ, ಜಾಲರಿಯ ಕೆಳಗೆ ಸೊಳ್ಳೆ ಪರದೆ. ಡೆಂಗಿ ಇರುವ ಊರಿನಲ್ಲಿ ಸೊಳ್ಳೆ ಪರದೆ ಬಿಡುವಂತಿಲ್ಲ. ನೀರನ್ನೆಲ್ಲ ಹೊರಗೆ ಪಂಪ್ ಮಾಡಿ, ಬ್ಲೀಚಿಂಗ್ ಪುಡಿ ಹಾಕಿ, ಮತ್ತೆ ಖಾಲಿ ಮಾಡಿದೆವು. ಆಮೇಲಿನ ಬಾಟಲಿಗಳು ಕಪ್ಪಾಗಿಲ್ಲ. ಹಾಗಿದ್ದರೂ ಕುಡಿಯುವುದಿಲ್ಲ. ಸುತ್ತಲಿನ ಮನೆಗಳ ಪೈಪುಗಳೂ ನಮ್ಮಷ್ಟೇ ಹಳೆಯವು.

ಡ್ರಮ್ಮುಗಳು

ತಾರಸಿಗೆ ಮೂರು ಕಡೆ ನೀರಿಳಿಯುವ ಪೈಪಿತ್ತು. ಮೂರನ್ನೂ 110 ಮಿ.ಮೀ. ಪೈಪಿಗೆ ಸೇರಿಸಿ ಹಿತ್ತಲಿಗೆ ತಂದೆವು. ಪ್ರತಿ ಬಾಯಿಗೂ ಜಾಲರಿ. ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಮಳೆನೀರು ಸಂಗ್ರಹದ ಪಾರ್ಕ್ ಇದೆ, ನಾನಾ ಬಗೆಯ ಫಿಲ್ಟರುಗಳನ್ನು ಕಣ್ಣಾರೆ ನೋಡಬಹುದು. ನೋಡಿ ಬಂದು ನಮ್ಮ ಅಳತೆಗೆ ಲೆಕ್ಕ ಹಾಕಿದೆ.

ಮೊದಲ ಮಳೆಯ ನೀರಿನಲ್ಲಿ ಧೂಳು, ಪಾರಿವಾಳದ ಹಿಕ್ಕೆ ಇರುವುದರಿಂದ ಮೊದಲ 2 ಮಿ.ಮೀ. ಬಿಡಬೇಕು. ನಮ್ಮ ತಾರಸಿಗೆ ಅದು 222 ಲೀಟರ್. ಎಷ್ಟೋ ಮನೆಗಳಲ್ಲಿ ಇದಕ್ಕೆಂದು ನಿಲ್ಲಿಸಿರುವ ಆಳೆತ್ತರದ 4 ಇಂಚು ಪೈಪಿನಲ್ಲಿ ಹಿಡಿಯುವುದು 15 ಲೀಟರ್ ಅಷ್ಟೇ. ಏನೇನೂ ಸಾಲದು. ಆದ್ದರಿಂದ 200 ಲೀಟರಿನ ನೀಲಿ ಡ್ರಮ್ಮನ್ನೇ ಇಟ್ಟೆವು. ಅದು ತುಂಬಿದಾಗ ಒಳಗಿನ ಪ್ಲಾಸ್ಟಿಕ್ ಚೆಂಡು ತೇಲಿ ಮೇಲಿನ ಬಾಯಿ ಮುಚ್ಚುತ್ತದೆ, ನೀರು ಮುಂದಿನ ಡ್ರಮ್ಮಿಗೆ ತಿರುಗುತ್ತದೆ. ತಳದ ನಲ್ಲಿಯನ್ನು ಹನಿಹನಿ ಬೀಳುವಷ್ಟು ತೆರೆದಿಟ್ಟಿದ್ದೇವೆ. ಮಳೆ ನಿಂತ ಮೇಲೆ ಡ್ರಮ್ಮು ತಾನೇ ಖಾಲಿಯಾಗಿ ಮುಂದಿನ ಮಳೆಗೆ ಸಿದ್ಧ. ಆ ನೀರು ಬಾಳೆ ಗಿಡಕ್ಕೆ.

ಎರಡನೆಯ ಡ್ರಮ್ಮು ಫಿಲ್ಟರ್. ಮರಳು ಹಾಕಲೇ ಎಂದು ಬಹಳ ಯೋಚಿಸಿದೆ. ಬೆಂಗಳೂರಿನ ಜೋರು ಮಳೆ ಗಂಟೆಗೆ 50 ಮಿ.ಮೀ. ಎಂದು ಹಿಡಿದರೆ 5,500 ಲೀಟರ್ ಆ ಒಂದು ಗಂಟೆಯಲ್ಲಿ ಇಳಿಯಬೇಕು. ಡ್ರಮ್ಮಿನ ಬಾಯಿ ಕಾಲು ಚದರ ಮೀಟರ್. ಮರಳಿನ ಮೂಲಕ ಅಷ್ಟು ವೇಗದಲ್ಲಿ ನೀರು ಹಾಯುವುದೇ ಇಲ್ಲ, ಉಕ್ಕಿ ಹೊರಗೆ ಹೋಗುತ್ತದೆ. ತಾರಸಿಯ ನೀರಿನಲ್ಲಿ ಹೊಲದ ನೀರಿನಷ್ಟು ಮಣ್ಣಿರುವುದಿಲ್ಲ, ಮೊದಲ ಕೊಳೆಯೂ ಆಚೆ ಹೋಗಿರುತ್ತದೆ. ಹಾಗಾಗಿ ಮರಳು ಬಿಟ್ಟೆ. ಕೆಳಗೆ 40 ಮಿ.ಮೀ. ಜಲ್ಲಿ, ಮೇಲೆ 20 ಮಿ.ಮೀ. ಜಲ್ಲಿ, ನಡುವೆಯೂ ಮೇಲೂ ನೈಲಾನ್ ಪರದೆ. ಮೇಲಿನ ಪರದೆಯನ್ನು ಬಿಚ್ಚಿ ಝಾಡಿಸಿ ಮತ್ತೆ ಹಾಸಬಹುದು. ಗುಲ್‌ಮೊಹರಿನ ಪುಡಿ ಎಲೆ ಅಲ್ಲೇ ಸಿಕ್ಕಿಬೀಳುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಇದನ್ನು ಮಾಡಲು ಸೋಮಾರಿತನ ಪಡುವವರು ಈ ಫಿಲ್ಟರ್ ಕಟ್ಟದಿರುವುದೇ ಒಳ್ಳೆಯದು.

ಡ್ರಮ್ಮಿನ ಮೇಲ್ತುದಿಯಿಂದ ಹೊರಹರಿವಿನ ಪೈಪು. ಅದು ಮುಂದಿನ ಅಂಗಳದಲ್ಲಿ 3 ಅಡಿ ವ್ಯಾಸದ ಸಿಮೆಂಟ್ ರಿಂಗ್ ಇಳಿಸಿ ಮಾಡಿದ 10 ಅಡಿ ಇಂಗುಗುಂಡಿಗೆ ಹೋಗುತ್ತದೆ. ಬಾವಿಗೆ ಹೋಗುವ ಪೈಪನ್ನು ಮೇಲಿಂದ ಧುಮುಕಲು ಬಿಡದೆ ತಳದ ಹತ್ತಿರದವರೆಗೆ ಇಳಿಸಿ, ತಳಕ್ಕೆ ಒಂದು ಅಡಿ ಜಲ್ಲಿ ಹಾಸಿದೆವು, ಕೆಸರು ಕದಡದಿರಲೆಂದು.

ಪ್ಲಂಬಿಂಗ್ ಕೆಲಸದಲ್ಲಿ ಹೇಳುವಂಥದ್ದು ಒಂದೇ. ಬಾವಿಯ ನೀರಿಗೆ ತಾರಸಿಯ ಮೇಲೆ ಬೇರೆ ಟ್ಯಾಂಕು, ಬೇರೆ ಪೈಪು. ಅದು ಫ್ಲಶ್, ಬಟ್ಟೆ ಒಗೆಯುವುದು, ನೆಲ ಒರೆಸುವುದು, ಗಿಡಗಳಿಗೆ. ಕಾವೇರಿ ಪೈಪಿಗೂ ಇದಕ್ಕೂ ಎಲ್ಲಿಯೂ ಜೋಡಣೆ ಇರಕೂಡದು, ನಡುವೆ ವಾಲ್ವ್ ಹಾಕಿದ್ದೇವೆ ಎಂಬ ನೆಪದಲ್ಲೂ ಕೂಡದು. ಪಂಪಿಗೆ ಫ್ಲೋಟ್ ಸ್ವಿಚ್ ಹಾಕಿ 4 ಅಡಿ ನೀರು ಉಳಿದಾಗ ತಾನೇ ನಿಲ್ಲುವ ಹಾಗೆ ಮಾಡಿದ್ದೇವೆ.

ಜೂನ್ 2

ಏಪ್ರಿಲ್ ಪೂರ್ತಿ ಒಣಗಿತು. ಮೇನಲ್ಲಿ ಬಂದ ಮಳೆಗಳಲ್ಲಿ ಜಾಯಿಂಟುಗಳ ಸೋರಿಕೆ ಹುಡುಕಿ ಮುಚ್ಚಿದೆವು. ಜೂನ್ 2ರ ಭಾನುವಾರ ಬೆಂಗಳೂರಿನಲ್ಲಿ ಒಂದೇ ದಿನ 111 ಮಿ.ಮೀ. ಸುರಿದು, 1891ರಿಂದ ನಿಂತಿದ್ದ ಜೂನ್ ತಿಂಗಳ ದಾಖಲೆ ಮುರಿಯಿತು. ಊರೆಲ್ಲ ಮರ ಬಿದ್ದು, ಅಂಡರ್‌ಪಾಸುಗಳಲ್ಲಿ ನೀರು ನಿಂತಿತು. ನಮ್ಮ ಮೇಲೂ ಅಷ್ಟೇ ಬಿದ್ದಿದೆ ಎಂದುಕೊಂಡರೆ ತಾರಸಿಗೆ ಬಿದ್ದದ್ದು 12,300 ಲೀಟರ್. ಮಾರ್ಚ್‌ನಲ್ಲಿ 1,000 ರೂಪಾಯಿಗೆ ಮಿತಿ ಕಟ್ಟಿದರೂ ಸಿಗದೆ ಹೋದ ದೊಡ್ಡ ಟ್ಯಾಂಕರ್ ಒಂದರಷ್ಟು.

ಗೋಡೆಯ ಮೇಲೆ ಅಡಿಗಳ ಗುರುತು ಬರೆಸಿದ್ದೆವು. ರಾತ್ರಿ ನೀರು 14 ಅಡಿಯಷ್ಟು ಏರಿತ್ತು. ಬೆಳಿಗ್ಗೆ ನೋಡಿದರೆ ಅದರಲ್ಲಿ 9 ಅಡಿ ಇಳಿದುಹೋಗಿತ್ತು.

ಮೇಷ್ಟ್ರು ಕಟ್ಟೆಯ ಮೇಲೆ ಬಗ್ಗಿ ನೋಡಿ, "ಏನಮ್ಮಾ ಇದು, ಅಷ್ಟೆಲ್ಲ ಖರ್ಚು ಮಾಡಿ ತುಂಬಿಸಿದ್ದು ರಾತ್ರೋರಾತ್ರಿ ಸುತ್ತಮುತ್ತಲವರ ಪಾಲಾಯ್ತಲ್ಲ! ಅವರ ಬೋರಿಗೆ ನೀನ್ಯಾಕೆ ದುಡ್ಡು ಹಾಕ್ಬೇಕು?" ಎಂದರು. ಎದುರಿನವರ ಜೊತೆಗಿನ ಜಗಳದಲ್ಲಿ ಅವರಿಗೂ ಪಾಲಿತ್ತು, ಆ ಬೇಸರವೂ ಮಾತಿನಲ್ಲಿತ್ತು.

ನಾನು ಅವರಿಗೆ ಹೇಳಿದ್ದನ್ನು ಇಲ್ಲೂ ಹೇಳುತ್ತೇನೆ. ಆ 9 ಅಡಿ ನೀರು, ಅಂದರೆ 3,200 ಲೀಟರ್, ಕಳೆದುಹೋಗಿಲ್ಲ. ಕಲ್ಲಿನ ಸಂದಿಗಳಿಂದ ಮೇಲಿನ ಪದರಕ್ಕೆ ಸೇರಿದೆ. ಒಂದಿಷ್ಟು ನಿಜಕ್ಕೂ ಪಕ್ಕದವರ ನೆಲದಡಿ ಹೋಗಿದೆ. ಆದರೆ ಮಾರ್ಚ್‌ನಲ್ಲಿ ಮಳೆಯೇ ಇಲ್ಲದಾಗ ನಮ್ಮ ಬಾವಿಗೆ ಬಂದ ಎರಡೂವರೆ ಅಡಿ ಎಲ್ಲಿಂದ ಬಂತು? ಮೇಷ್ಟ್ರ ತೋಟಕ್ಕೆ ಬಿಟ್ಟ ನೀರು, ಬೀದಿಯಡಿ ಸೋರುವ ಕಾವೇರಿ ಪೈಪು, ಮೇಲಿನ ಪಾರ್ಕಿನಲ್ಲಿ ಹಿಂದಿನ ವರ್ಷ ಇಂಗಿದ್ದು, ಎಲ್ಲವೂ ಸೇರಿ ಬಂದದ್ದು. 1882ರ ಈಸ್‌ಮೆಂಟ್ ಕಾಯ್ದೆ ನೆಲದ ಒಡೆಯನಿಗೆ ತನ್ನ ಗಡಿಯೊಳಗಿನ ಅಂತರ್ಜಲವನ್ನು ಎತ್ತಿಕೊಳ್ಳುವ ಹಕ್ಕು ಕೊಟ್ಟಿತು. ಯಾರು ಆಳಕ್ಕೆ ಕೊರೆಯುತ್ತಾರೋ ಅವರಿಗೆ ನೀರು ಎನ್ನುವ ಪೈಪೋಟಿಗೆ ಅದು ದಾರಿ ಮಾಡಿತು. 2024ರ ಮಾರ್ಚ್‌ನಲ್ಲಿ ಹೊಸ ಬೋರ್‌ವೆಲ್‌ಗೆ ಜಲಮಂಡಳಿಯ ಅನುಮತಿ ಕಡ್ಡಾಯವಾಯಿತು, ಒಳ್ಳೆಯದೇ. ಆದರೆ ಸೈಟಿನ ಗಡಿಕಲ್ಲು ನೀರಿಗೆ ಕಾಣುವುದಿಲ್ಲ. ಎತ್ತುವ ಹಕ್ಕಿಗೆ ಗಡಿ ಎಳೆಯುವವರು ಇಳಿಸುವ ಜವಾಬ್ದಾರಿಗೆ ಮಾತ್ರ "ಇದು ನನ್ನದಲ್ಲ" ಎನ್ನುವುದು ನ್ಯಾಯವಲ್ಲ.

ಮೇಷ್ಟ್ರು ಆ ದಿನ ಒಪ್ಪಲಿಲ್ಲ. ಹೂಂ ಎಂದು ಹೋದರು.

ಈಗಿನ ಸ್ಥಿತಿ

ಅಕ್ಟೋಬರಿನ ಮಳೆ ಮುಗಿಯುವ ಹೊತ್ತಿಗೆ ಬಾವಿಯಲ್ಲಿ ನೀರು ಸ್ಥಿರವಾಗಿ 15 ಅಡಿಯ ಆಸುಪಾಸು ನಿಲ್ಲುತ್ತಿತ್ತು. ಮನೆಯ ಕಾವೇರಿ ಬಳಕೆ ಹೆಚ್ಚುಕಡಿಮೆ ಅರ್ಧಕ್ಕಿಳಿದಿದೆ. ಒಟ್ಟು ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋದದ್ದು ಹೂಳೆತ್ತುವ ಕೂಲಿಗೆ, ಒಳಚರಂಡಿ ಪೈಪಿಗೆ. ಡ್ರಮ್ಮು, ಪೈಪು, ಜಲ್ಲಿ ಅಗ್ಗ. ಎಲ್ಲ ಸೇರಿದರೂ ಒಂದು ಬೋರ್‌ವೆಲ್ ಕೊರೆಸಿ ಕೇಸಿಂಗ್, ಮೋಟಾರು ಇಳಿಸುವ ಖರ್ಚಿನ ಕಾಲುಭಾಗವೂ ಆಗಲಿಲ್ಲ. ಬಾವಿ ಇಳಿದವರ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ಆ ಕೆಲಸ ಗೊತ್ತಿರುವವರು ಈಗ ಕಡಿಮೆ, ಅಪಾಯವೆಲ್ಲ ಅವರದೇ.

ಅದೇ ಮೇಸ್ತ್ರಿ ಈಗ ಎದುರಿನ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಪಕ್ಕದಲ್ಲಿ 20 ಅಡಿಯ ಇಂಗುಬಾವಿ ತೋಡುತ್ತಿದ್ದಾರೆ. ಎರಡನೇ ಬೋರ್‌ವೆಲ್ಲಿನ ಮಾತು ಸದ್ಯಕ್ಕೆ ನಿಂತಿದೆ. ಮೇಷ್ಟ್ರ ಮನೆಯಲ್ಲಿ ಬಾವಿಗೆ ಜಾಗವಿಲ್ಲ, ಆದರೆ ಅವರ ತಾರಸಿಯ ಒಂದು ಮೂಲೆಯ ನೀರು ನಮ್ಮ ಕಾಂಪೌಂಡಿನ ಕಡೆಗೇ ಇಳಿಯುತ್ತದೆ. ಅದನ್ನು ನಮ್ಮ ಡ್ರಮ್ಮಿಗೆ ಸೇರಿಸಲು 40 ಅಡಿ ಪೈಪು, ಎರಡು ಬೆಂಡು, ಒಂದು ಟೀ ಜಾಯಿಂಟು ಬೇಕು. ಅವರ ಪಾಲಿನ ನೀರೂ ಸೇರಿದರೆ ಈಗಿನ ಫಿಲ್ಟರ್ ಡ್ರಮ್ಮು ಸಾಲದು, ಪಕ್ಕದಲ್ಲಿ ಇನ್ನೊಂದು ಕೂರಿಸಬೇಕು. ಪೈಪಿನ ದುಡ್ಡು ತಮ್ಮದೇ ಎಂದು ಮೇಷ್ಟ್ರು ಹೇಳಿಕಳಿಸಿದ್ದಾರೆ.